ಎಷ್ಟರಲ್ಲಿ ಎಷ್ಟು: ಇಸ್ಪೀಟಿನ ಕಟ್ಟಿನಲ್ಲಿ ಸಂಭವನೀಯತೆಯ ಲೆಕ್ಕ

ಸಂಭವನೀಯತೆಯನ್ನು ಕಲಿಯಲು ಇಸ್ಪೀಟಿನ ಕಟ್ಟಿಗಿಂತ ಅನುಕೂಲವಾದ ಸಾಮಗ್ರಿ ಸಿಗುವುದು ಕಷ್ಟ. ನಾಣ್ಯಕ್ಕೆ ಎರಡೇ ಮುಖ, ದಾಳಕ್ಕೆ ಆರೇ ಮುಖ. ಎರಡರಲ್ಲೂ ಒಂದು ಸಲ ಬಿದ್ದದ್ದಕ್ಕೂ ಮುಂದಿನ ಸಲ ಬೀಳುವುದಕ್ಕೂ ಸಂಬಂಧವಿಲ್ಲ. ಇಸ್ಪೀಟಿನಲ್ಲಿ ಹಾಗಲ್ಲ. ಒಂದು ಎಲೆ ಹೊರಬಂದ ಕೂಡಲೇ ಉಳಿದ ಕಟ್ಟು ಬೇರೆಯದೇ ಕಟ್ಟಾಗುತ್ತದೆ, ಅದರೊಂದಿಗೆ ಲೆಕ್ಕವೂ ಬದಲಾಗುತ್ತದೆ. ಅನುಕೂಲ ಫಲಿತಗಳ ಸಂಖ್ಯೆಯನ್ನು ಒಟ್ಟು ಫಲಿತಗಳ ಸಂಖ್ಯೆಯಿಂದ ಭಾಗಿಸಬೇಕು ಎಂಬ ಶಾಲೆಯ ಸೂತ್ರವನ್ನು ಬಾಯಿಪಾಠ ಮಾಡಿದವರೂ ತಪ್ಪುವುದು ಬಹುಮಟ್ಟಿಗೆ ಛೇದದಲ್ಲಿ, ಅಂಶದಲ್ಲಲ್ಲ. ಎಷ್ಟು ಎಂಬುದನ್ನು ಸರಿಯಾಗಿಯೇ ಎಣಿಸಿರುತ್ತಾರೆ. ಎಷ್ಟರಲ್ಲಿ ಎಂದು ಕೇಳಿಕೊಳ್ಳಲು ಮರೆತಿರುತ್ತಾರೆ.

ಕಟ್ಟಿನ ರಚನೆಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಇಸ್ಪೀಟು ಮುಟ್ಟದ ಮನೆಗಳಲ್ಲಿ ಬೆಳೆದ ವಿದ್ಯಾರ್ಥಿಗಳು ಗಣಿತ ಗೊತ್ತಿದ್ದರೂ ಎಲೆಗಳ ಪರಿಚಯವಿಲ್ಲದೆ ಅಂಕ ಕಳೆದುಕೊಳ್ಳುವುದುಂಟು. ಜೋಕರ್‌ಗಳನ್ನು ಬದಿಗಿಟ್ಟರೆ ಕಟ್ಟಿನಲ್ಲಿ 52 ಎಲೆಗಳು. ಇಸ್ಪೀಟು, ಕಳಾವರ್, ಆಟೀನು, ಡೈಮನ್ ಎಂದು ನಾಲ್ಕು ಜಾತಿಗಳು. ಮೊದಲೆರಡು ಕಪ್ಪು, ಉಳಿದೆರಡು ಕೆಂಪು. ಪ್ರತಿ ಜಾತಿಯಲ್ಲೂ ಎಕ್ಕ, 2ರಿಂದ 10ರವರೆಗಿನ ಅಂಕಿಯ ಎಲೆಗಳು, ಗುಲಾಮ, ರಾಣಿ, ರಾಜ ಹೀಗೆ 13 ಎಲೆಗಳು. ಗುಲಾಮ, ರಾಣಿ, ರಾಜ ಈ ಮೂರನ್ನು ಮುಖದ ಎಲೆಗಳು ಎನ್ನುತ್ತಾರೆ. ಎಕ್ಕ ಆ ಗುಂಪಿಗೆ ಸೇರುವುದಿಲ್ಲವಾದ್ದರಿಂದ ಮುಖದ ಎಲೆಗಳು 12 ಮಾತ್ರ, 16 ಅಲ್ಲ. ಎಲ್ಲ ಕಟ್ಟುಗಳೂ 52ರವೇ ಆಗಬೇಕೆಂದೇನೂ ಇಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಆಸಕ್ತಿಯಿಂದ ಮೈಸೂರಿನಲ್ಲಿ ಬೆಳೆದ ಗಂಜೀಫಾ ಎಂಬ ಎಲೆಯಾಟದ ಪರಂಪರೆಯನ್ನು ಬಲ್ಲವರಿಗೆ ದಶಾವತಾರ ಗಂಜೀಫಾ ತಿಳಿದಿರುತ್ತದೆ: 10 ಅವತಾರಗಳು, ಒಂದೊಂದಕ್ಕೆ 12 ಎಲೆ, ಒಟ್ಟು 120. ಅಲ್ಲಿ ಮೊದಲ ಎಲೆಯೇ ರಾಜನಾಗುವ ಸಂಭವನೀಯತೆ 10/120, ಅಂದರೆ 1/12. ಇಸ್ಪೀಟಿನಲ್ಲಿ 4/52, ಅಂದರೆ 1/13.

ಒಂದೇ ಎಲೆ ತೆಗೆಯುವ ಲೆಕ್ಕಗಳು ಹೀಗೆ ಎಣಿಸಿ ಭಾಗಿಸಿದರೆ ಮುಗಿಯುತ್ತವೆ. ಕೆಂಪು ಎಲೆ ಬರುವುದು 26/52, ಆಟೀನು ಬರುವುದು 13/52, ಮುಖದ ಎಲೆ ಬರುವುದು 12/52. ರಾಜ ಅಥವಾ ರಾಣಿ ಎಂದು ಕೇಳಿದರೆ 4 ಮತ್ತು 4 ಕೂಡಿ 8/52, ಏಕೆಂದರೆ ಒಂದೇ ಎಲೆ ರಾಜನೂ ರಾಣಿಯೂ ಆಗಲಾರದು. ರಾಜ ಅಥವಾ ಆಟೀನು ಎಂದು ಕೇಳಿದಾಗ ಮಾತ್ರ ತುಸು ನಿಲ್ಲಬೇಕು. ಆಟೀನು ರಾಜ ಎರಡೂ ಪಟ್ಟಿಯಲ್ಲಿರುವುದರಿಂದ 4 ಮತ್ತು 13 ಕೂಡಿದರೆ ಅವನನ್ನು ಎರಡು ಸಲ ಎಣಿಸಿದಂತಾಗುತ್ತದೆ. ಒಂದನ್ನು ಕಳೆದರೆ 16/52, ಅಂದರೆ 4/13.

ಈ ಎಲ್ಲ ಲೆಕ್ಕಗಳೂ ಒಂದು ಕರಾರಿನ ಮೇಲೆ ನಿಂತಿವೆ: ಕಟ್ಟಿನ ಪ್ರತಿ ಎಲೆಗೂ ಬರುವ ಅವಕಾಶ ಸಮಾನವಾಗಿರಬೇಕು. ಪಠ್ಯಪುಸ್ತಕದ ಪ್ರಶ್ನೆಗಳಲ್ಲಿ ‘ಚೆನ್ನಾಗಿ ಕಲೆಸಿದ’ ಎಂಬ ಎರಡು ಪದಗಳು ಇರುವುದು ಅಲಂಕಾರಕ್ಕಲ್ಲ. ಕಟ್ಟನ್ನು ಎರಡು ಪಾಲು ಮಾಡಿ, ಎರಡೂ ಪಾಲುಗಳ ಅಂಚನ್ನು ಹೆಬ್ಬೆರಳಿನಿಂದ ಬಿಡುತ್ತ ಎಲೆಗಳ ನಡುವೆ ಎಲೆ ಬೀಳುವಂತೆ ಸೇರಿಸುವ ವಿಧಾನದಲ್ಲಿ ಸುಮಾರು ಏಳು ಸಲ ಕಲೆಸಿದರೆ ಕಟ್ಟು ಸಾಕಷ್ಟು ಕಲೆಯುತ್ತದೆ ಎಂದು ಡೇವ್ ಬೇಯರ್ ಮತ್ತು ಪರ್ಸಿ ಡಯಕೋನಿಸ್ ಎಂಬ ಗಣಿತಜ್ಞರು 1992ರಲ್ಲಿ ತೋರಿಸಿದರು. ನಮ್ಮಲ್ಲಿ ಹೆಚ್ಚಿನವರು ಕಲೆಸುವುದು ಹಾಗಲ್ಲ. ಒಂದು ಕೈಯಲ್ಲಿ ಕಟ್ಟು ಹಿಡಿದು ಮತ್ತೊಂದು ಕೈಯಿಂದ ಸಣ್ಣಸಣ್ಣ ಪಾಲುಗಳನ್ನು ಮೇಲಿಂದ ಜಾರಿಸುತ್ತ ಹೋಗುತ್ತಾರೆ. ಆ ವಿಧಾನಕ್ಕೆ ಏಳು ಸಲ ಏನೇನೂ ಸಾಲದು, ಏಕೆಂದರೆ ಹಿಂದಿನ ಆಟದಲ್ಲಿ ಒಟ್ಟಿಗೆ ಬಿದ್ದ ಎಲೆಗಳು ಬಹುಕಾಲ ಒಟ್ಟಿಗೇ ಉಳಿಯುತ್ತವೆ. ಕೈಬರಹದ ಲೆಕ್ಕಕ್ಕೂ ಜಗಲಿಯ ಮೇಲಿನ ಆಟಕ್ಕೂ ಕೆಲವೊಮ್ಮೆ ತಾಳೆಯಾಗದಿರುವುದಕ್ಕೆ ಇದೂ ಒಂದು ಕಾರಣ. ಮುಂದೆ ಹೇಳುವುದೆಲ್ಲ ಪೂರ್ತಿ ಕಲೆತ ಕಟ್ಟಿನ ಬಗ್ಗೆ.

ಎರಡು ಎಲೆಗಳನ್ನು ತೆಗೆಯುವಾಗ ಛೇದ ಬದಲಾಗತೊಡಗುತ್ತದೆ. ಮೊದಲ ಎಲೆಯನ್ನು ನೋಡಿ, ಕಟ್ಟಿಗೆ ಮರಳಿಸಿ, ಮತ್ತೆ ಕಲೆಸಿ ಎರಡನೆಯದನ್ನು ತೆಗೆದರೆ ಎರಡೂ ಎಕ್ಕವಾಗುವ ಸಂಭವನೀಯತೆ 4/52 × 4/52, ಅಂದರೆ 1/169. ಮರಳಿಸದೆ ತೆಗೆದರೆ ಎರಡನೆಯ ಸಲ ಉಳಿದಿರುವುದು 51 ಎಲೆ, ಅದರಲ್ಲಿ ಎಕ್ಕಗಳು 3. ಹಾಗಾಗಿ 4/52 × 3/51, ಅಂದರೆ 1/221. ಮೊದಲನೆಯದರಲ್ಲಿ ಎರಡು ಘಟನೆಗಳು ಪರಸ್ಪರ ಸ್ವತಂತ್ರ, ಎರಡನೆಯದರಲ್ಲಿ ಅಲ್ಲ. ಪ್ರಶ್ನೆಯಲ್ಲಿ ‘ಮರಳಿಸಿ’ ಎಂದಿದೆಯೋ ‘ಮರಳಿಸದೆ’ ಎಂದಿದೆಯೋ ನೋಡಿಕೊಳ್ಳಬೇಕು. ಕೈಗೆ ಎಲೆ ಹಂಚುವ ಯಾವ ಆಟದಲ್ಲೂ ಮರಳಿಸುವ ಮಾತಿಲ್ಲ.

ಇಲ್ಲಿಯೇ ಒಂದು ಸೂಕ್ಷ್ಮ ವಿಷಯವಿದೆ. ಮೇಲಿನ ಎಲೆಯನ್ನು ಯಾರೂ ನೋಡದಂತೆ ಬೋರಲಾಗಿ ಬದಿಗಿಟ್ಟು, ಅದರ ಕೆಳಗಿನ ಎಲೆಯನ್ನು ಎತ್ತಿದರೆ ಅದು ಎಕ್ಕವಾಗುವ ಸಂಭವನೀಯತೆ ಎಷ್ಟು? ಕಟ್ಟಿನಲ್ಲಿ 51 ಉಳಿದಿವೆ ಎಂಬ ಕಾರಣಕ್ಕೆ ಹಲವರು ಛೇದವನ್ನು 51 ಮಾಡಲು ಹೊರಟು, ಎಕ್ಕಗಳು 4 ಉಳಿದಿವೆಯೋ 3 ಉಳಿದಿವೆಯೋ ತಿಳಿಯದೆ ಸಿಕ್ಕಿಹಾಕಿಕೊಳ್ಳುತ್ತಾರೆ. ಎರಡೂ ದಾರಿಯನ್ನು ಕೂಡಿಸಿ ನೋಡೋಣ. ಬದಿಗಿಟ್ಟದ್ದು ಎಕ್ಕವಾಗಿದ್ದು ಇದೂ ಎಕ್ಕವಾಗುವುದು 4/52 × 3/51. ಬದಿಗಿಟ್ಟದ್ದು ಎಕ್ಕವಲ್ಲದೆ ಇದು ಎಕ್ಕವಾಗುವುದು 48/52 × 4/51. ಅಂಶಗಳು 12 ಮತ್ತು 192, ಕೂಡಿದರೆ 204, ಛೇದ 2,652. ಭಾಗಿಸಿದರೆ ಬರುವುದು 1/13, ಅಂದರೆ ಮೊದಲಿದ್ದ 4/52ರಷ್ಟೇ. ಕಟ್ಟಿನಿಂದ ಹೊರಹೋದರೂ ನಾವು ನೋಡದ ಎಲೆ ಲೆಕ್ಕದ ಮಟ್ಟಿಗೆ ಕಟ್ಟಿನಲ್ಲೇ ಇದೆ. ಛೇದದಲ್ಲಿ ಕೂರುವುದು ಮೇಜಿನ ಮೇಲೆ ಉಳಿದ ಎಲೆಗಳಲ್ಲ, ನಮ್ಮ ಕಣ್ಣಿಗೆ ಬೀಳದ ಎಲೆಗಳು.

ರಮ್ಮಿ ಆಡುವವರಿಗೆ ಇದು ನೇರವಾಗಿ ಬೇಕಾಗುವ ಮಾತು. ಎರಡು ಕಟ್ಟು ಮತ್ತು ಎರಡು ಜೋಕರ್ ಸೇರಿ 106 ಎಲೆಗಳಲ್ಲಿ ಇಬ್ಬರು ಆಡುತ್ತಿದ್ದಾರೆ ಎನ್ನೋಣ. ನಿಮ್ಮ ಕೈಯ 13, ತೆರೆದಿಟ್ಟ ಒಂದು, ಜೋಕರ್ ಗೊತ್ತುಮಾಡಲು ತಿರುಗಿಸಿದ ಒಂದು, ಹೀಗೆ 15 ಎಲೆ ಕಂಡಿವೆ, ಕಾಣದವು 91. ಒಂದೇ ಜಾತಿಯ ಮೂರು ಎಲೆಗಳನ್ನು ಸಾಲಾಗಿ ಸೇರಿಸಲು ಆಟೀನು 6 ಮತ್ತು 7 ಹಿಡಿದು ಕಾಯುತ್ತಿದ್ದರೆ 5 ಬಂದರೂ ಆದೀತು, 8 ಬಂದರೂ ಆದೀತು. ಎರಡು ಕಟ್ಟಿನಿಂದ ಒಟ್ಟು ನಾಲ್ಕು ಎಲೆ. ಅವು ಯಾವುವೂ ಇನ್ನೂ ಕಾಣಿಸಿಕೊಂಡಿಲ್ಲವೆಂದರೆ, ಜೋಕರ್‌ನ ಮಾತು ಬಿಟ್ಟು, ಮುಂದೆ ಎಳೆಯುವ ಎಲೆ ಬೇಕಾದದ್ದೇ ಆಗುವ ಸಂಭವನೀಯತೆ 4/91. ಅದೇ 6 ಮತ್ತು 8 ಹಿಡಿದು ನಡುವಿನ 7ಕ್ಕೆ ಕಾದರೆ 2/91, ಸರಿಯಾಗಿ ಅರ್ಧ. ಎದುರಾಳಿಯ ಕೈಯಲ್ಲಿರುವ 13 ಎಲೆಗಳನ್ನು 91ರಿಂದ ಕಳೆಯಬೇಕಾಗಿಲ್ಲ. ನೀವು ಅವನ್ನು ನೋಡಿಲ್ಲ. ಆದರೆ ಆತ ಆಟೀನು 9 ಎಸೆದದ್ದು, ನೀವೆಸೆದ 4 ಎತ್ತಿಕೊಂಡದ್ದು, ಇವೆಲ್ಲ ಸುದ್ದಿಯೇ. ಆ ಸುದ್ದಿಯನ್ನು ಲೆಕ್ಕಕ್ಕೆ ತಂದುಕೊಳ್ಳುವವನು ಗೆಲ್ಲುತ್ತಾನೆ, ತಾರದವನು ಅದೃಷ್ಟವನ್ನು ಬೈಯುತ್ತಾನೆ. ರಮ್ಮಿ ಮುಖ್ಯವಾಗಿ ಕೌಶಲದ ಆಟ, ಮೂರೆಲೆಯಂತೆ ಪೂರಾ ಅದೃಷ್ಟದ್ದಲ್ಲ ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಆಂಧ್ರಪ್ರದೇಶದ ಪ್ರಕರಣವೊಂದರಲ್ಲಿ ಹೇಳಿದಾಗ ಬಿದ್ದ ಎಲೆಗಳನ್ನು ನೆನಪಿಟ್ಟುಕೊಳ್ಳಬೇಕಾದ ಅಗತ್ಯವನ್ನೂ ಎತ್ತಿ ಹೇಳಿತ್ತು.

‘ಕನಿಷ್ಠ ಒಂದು’ ಎಂಬ ಮಾತು ಬಂದಲ್ಲಿ ಮತ್ತೊಂದು ಎಡವು. ಮೂರು ಎಲೆ ಹಂಚಿದಾಗ ಕನಿಷ್ಠ ಒಂದು ಎಕ್ಕ ಬರುವ ಸಂಭವನೀಯತೆಯನ್ನು ಒಂದೊಂದಕ್ಕೆ 1/13ರಂತೆ ಮೂರಕ್ಕೆ 3/13 ಎಂದು ಹೇಳಲು ನಾಲಿಗೆ ತುದಿಗಾಲಲ್ಲಿ ನಿಂತಿರುತ್ತದೆ. ಅದೇ ದಾರಿಯಲ್ಲಿ 14 ಎಲೆಗಳಿಗೆ 14/13 ಬರುತ್ತದೆ. ಒಂದಕ್ಕಿಂತ ಹೆಚ್ಚಿನ ಸಂಭವನೀಯತೆ ಎಂಬುದೇ ಇಲ್ಲವಾದ್ದರಿಂದ ದಾರಿ ತಪ್ಪಿರುವುದು ಸ್ಪಷ್ಟ. ಎರಡು ಅಥವಾ ಮೂರು ಎಕ್ಕ ಬಂದ ಕೈಗಳನ್ನು ಇಲ್ಲಿ ಮತ್ತೆಮತ್ತೆ ಎಣಿಸಲಾಗಿದೆ. ಸುಲಭದ ಉಪಾಯವೆಂದರೆ ಪೂರಕ ಘಟನೆಯನ್ನು, ಅಂದರೆ ಒಂದೂ ಎಕ್ಕ ಬಾರದಿರುವುದನ್ನು ಮೊದಲು ಕಂಡುಹಿಡಿಯುವುದು: 48/52 × 47/51 × 46/50, ಸುಮಾರು 0.783. ಇದನ್ನು ಒಂದರಿಂದ ಕಳೆದರೆ 0.217. ಐದು ಸಲ ಹಂಚಿದರೆ ಒಂದು ಸಲಕ್ಕಿಂತ ತುಸು ಹೆಚ್ಚು ಎಂದು ಸ್ಥೂಲವಾಗಿ ನೆನಪಿಟ್ಟುಕೊಳ್ಳಬಹುದು.

ಎಲೆಗಳು ಬಂದ ಕ್ರಮ ಮುಖ್ಯವಲ್ಲದೆ, ಕೈಯಲ್ಲಿ ಸೇರಿದ ಗುಂಪು ಮಾತ್ರ ಮುಖ್ಯವಾದಾಗ ವಿಕಲ್ಪಗಳ ಲೆಕ್ಕ ಬೇಕು. ಇದರ ಸಾಮಾನ್ಯ ನಿಯಮವನ್ನು ಕೊಟ್ಟವರಲ್ಲಿ ಕನ್ನಡ ನಾಡಿನ ಗಣಿತಜ್ಞನೊಬ್ಬನ ಹೆಸರು ಮುಂದೆ ನಿಲ್ಲುತ್ತದೆ: 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯ. ಆತನ ‘ಗಣಿತಸಾರಸಂಗ್ರಹ’ದಲ್ಲಿ ಉದಾಹರಣೆಗೆ ಬರುವುದು ಆರು ರುಚಿಗಳು. ನಿಯಮ ಇಷ್ಟೇ: ಒಟ್ಟು ಸಂಖ್ಯೆಯಿಂದ ಒಂದೊಂದೇ ಇಳಿಯುತ್ತ ಬಂದ ಸಂಖ್ಯೆಗಳ ಗುಣಲಬ್ಧವನ್ನು, ಒಂದರಿಂದ ಏರುತ್ತ ಹೋದ ಅಷ್ಟೇ ಸಂಖ್ಯೆಗಳ ಗುಣಲಬ್ಧದಿಂದ ಭಾಗಿಸಬೇಕು. ಆರು ರುಚಿಗಳಲ್ಲಿ ಮೂರನ್ನು ಆರಿಸುವ ರೀತಿಗಳು 6 × 5 × 4 ಭಾಗ 1 × 2 × 3, ಅಂದರೆ 20. ಎಣಿಕೆಯ ವಿದ್ಯೆ ಇಷ್ಟು ಹಳೆಯದಾದರೂ, ಒಂದು ಎಣಿಕೆಯನ್ನು ಇನ್ನೊಂದರಿಂದ ಭಾಗಿಸಿ ಅದೃಷ್ಟವನ್ನು ಅಳೆಯುವ ಗಣಿತ ವ್ಯವಸ್ಥಿತವಾಗಿ ಬೆಳೆದದ್ದು 1654ರಲ್ಲಿ ಪ್ಯಾಸ್ಕಲ್ ಮತ್ತು ಫರ್ಮಾ ಜೂಜಿನ ಪಣ ಹಂಚಿಕೆಯ ಕುರಿತು ಪತ್ರ ಬರೆದುಕೊಂಡ ನಂತರ.

ಅದೇ ನಿಯಮದಿಂದ 52 ಎಲೆಗಳಲ್ಲಿ ಮೂರನ್ನು ಆರಿಸುವ ರೀತಿಗಳು 52 × 51 × 50 ಭಾಗ 6, ಅಂದರೆ 22,100. ಮೂರೆಲೆ ಆಟದ ಎಲ್ಲ ಕೈಗಳೂ ಈ ಸಂಖ್ಯೆಯೊಳಗೆ ಇವೆ, ಅವನ್ನು ಪೂರ್ತಿ ಎಣಿಸಿ ಮುಗಿಸಬಹುದು. ಮೂರೂ ಒಂದೇ ಮುಖಬೆಲೆಯವಾದರೆ ಟ್ರೇಲ್: 13 ಮುಖಬೆಲೆಗಳು, ಪ್ರತಿಯೊಂದರ ನಾಲ್ಕು ಎಲೆಗಳಿಂದ ಮೂರನ್ನು ಆರಿಸುವ ರೀತಿಗಳು 4, ಒಟ್ಟು 52 ಕೈಗಳು. ಒಂದೇ ಜಾತಿಯ ಸಾಲಾದ ಮೂರೆಲೆಗೆ ಪ್ಯೂರ್ ಸೀಕ್ವೆನ್ಸ್: ಎಕ್ಕ-2-3ರಿಂದ ಹಿಡಿದು ರಾಣಿ-ರಾಜ-ಎಕ್ಕದವರೆಗೆ 12 ಸಾಲುಗಳು, ನಾಲ್ಕು ಜಾತಿ, ಒಟ್ಟು 48. ಜಾತಿ ಬೆರೆತ ಸೀಕ್ವೆನ್ಸ್: ಪ್ರತಿ ಸಾಲಿಗೆ 4 × 4 × 4, ಅಂದರೆ 64 ರೀತಿಗಳು, 12 ಸಾಲುಗಳಿಗೆ 768, ಅದರಿಂದ ಆ 48 ಕಳೆದರೆ 720. ಒಂದೇ ಜಾತಿಯಾಗಿ ಸಾಲಾಗದ ಕಲರ್ 1,096. ಜೋಡಿ 3,744. ಇವು ಯಾವುವೂ ಅಲ್ಲದ, ದೊಡ್ಡ ಎಲೆಯ ಮೇಲೆ ನಿರ್ಧಾರವಾಗುವ ಕೈಗಳು 16,440. ಎಲ್ಲವನ್ನೂ ಕೂಡಿದರೆ 22,100 ಸರಿಯಾಗಿ ಬರುತ್ತದೆ. ಹೀಗೆ ಕೂಡಿ ನೋಡುವ ಅಭ್ಯಾಸವಿದ್ದರೆ ಎಣಿಕೆಯ ತಪ್ಪು ಅಲ್ಲಿಯೇ ಸಿಕ್ಕಿಬೀಳುತ್ತದೆ.

ಈ ಪಟ್ಟಿಯಲ್ಲಿ ಎರಡು ಸಂಗತಿಗಳು ಗಮನಾರ್ಹ. ಹಂಚಿದ ನಾಲ್ಕು ಕೈಗಳಲ್ಲಿ ಸರಾಸರಿ ಮೂರು ಕೈಗಳಿಗೆ ಜೋಡಿ ಕೂಡ ಇರುವುದಿಲ್ಲ, ಏಕೆಂದರೆ 22,100ರಲ್ಲಿ 16,440 ಎಂದರೆ ಶೇ 74.4. ಇನ್ನೊಂದು ಹೆಚ್ಚು ಕುತೂಹಲದ್ದು. ಅಪರೂಪದ ಕೈ ದೊಡ್ಡದು ಎಂಬುದು ಕೈಗಳ ಶ್ರೇಣಿಯ ಹಿಂದಿನ ತರ್ಕವಾದರೆ, 48 ರೀತಿಯಲ್ಲಿ ಮಾತ್ರ ಬರುವ ಪ್ಯೂರ್ ಸೀಕ್ವೆನ್ಸ್ 52 ರೀತಿಯಲ್ಲಿ ಬರುವ ಟ್ರೇಲ್‌ಗಿಂತ ಮೇಲೆ ಇರಬೇಕಿತ್ತು. ಆಟದಲ್ಲಿ ಮಾತ್ರ ಟ್ರೇಲ್ ಎಲ್ಲಕ್ಕೂ ಮೇಲು. ಮೂರು ಎಕ್ಕಗಳ ಠೀವಿಯ ಮುಂದೆ ನಾಲ್ಕು ಕೈಗಳ ವ್ಯತ್ಯಾಸವನ್ನು ಯಾರೂ ಲೆಕ್ಕಕ್ಕೆ ಇಟ್ಟಂತಿಲ್ಲ.

ಸುದ್ದಿಯು ಛೇದವನ್ನು ಎಷ್ಟು ನಾಜೂಕಾಗಿ ಬದಲಾಯಿಸುತ್ತದೆ ಎಂಬುದನ್ನು ಎರಡೆಲೆಯ ಒಂದು ಒಗಟು ತೋರಿಸುತ್ತದೆ. ಒಬ್ಬರಿಗೆ ಎರಡು ಎಲೆ ಹಂಚಲಾಗಿದೆ. ‘ನಿಮ್ಮಲ್ಲಿ ಎಕ್ಕ ಇದೆಯೇ?’ ಎಂದು ಕೇಳಿದರೆ ‘ಇದೆ’ ಎನ್ನುತ್ತಾರೆ. ಎರಡೂ ಎಕ್ಕವಾಗಿರುವ ಸಂಭವನೀಯತೆ ಎಷ್ಟು? ಎರಡೆಲೆಯ ಕೈಗಳು ಒಟ್ಟು 1,326. ಅವುಗಳಲ್ಲಿ ಎಕ್ಕವೇ ಇಲ್ಲದವು 1,128. ಕನಿಷ್ಠ ಒಂದು ಎಕ್ಕವಿರುವವು 198. ಎರಡೂ ಎಕ್ಕವಿರುವವು 6. ಹಾಗಾಗಿ ಉತ್ತರ 6/198, ಅಂದರೆ 1/33. ಈಗ ಪ್ರಶ್ನೆಯನ್ನು ತುಸು ಬದಲಿಸಿ ‘ನಿಮ್ಮಲ್ಲಿ ಇಸ್ಪೀಟು ಎಕ್ಕ ಇದೆಯೇ?’ ಎಂದು ಕೇಳಿ, ‘ಇದೆ’ ಎಂಬ ಉತ್ತರ ಬಂತೆನ್ನಿ. ಇಸ್ಪೀಟು ಎಕ್ಕವಿರುವ ಕೈಗಳು 51, ಅವುಗಳಲ್ಲಿ ಇನ್ನೊಂದೂ ಎಕ್ಕವಾಗಿರುವವು 3. ಉತ್ತರ 3/51, ಅಂದರೆ 1/17. ಜಾತಿಯ ಹೆಸರು ಹೇಳಿದ ಮಾತ್ರಕ್ಕೆ ಸಂಭವನೀಯತೆ ಹೆಚ್ಚುಕಡಿಮೆ ಇಮ್ಮಡಿಯಾಯಿತು.

ಕಾರಣ ಎಣಿಕೆಯಲ್ಲೇ ಇದೆ. ಎರಡು ಎಕ್ಕಗಳ 6 ಕೈಗಳಲ್ಲಿ ಅರ್ಧದಷ್ಟರಲ್ಲಿ ಇಸ್ಪೀಟು ಎಕ್ಕವಿದೆ. ಒಂದೇ ಎಕ್ಕವಿರುವ 192 ಕೈಗಳಲ್ಲಿ ಕಾಲುಭಾಗದಲ್ಲಿ, ಅಂದರೆ 48ರಲ್ಲಿ ಮಾತ್ರ ಇದೆ. ಪ್ರಶ್ನೆ ಬಿಗಿಯಾದಾಗ ಅಂಶ ಅರ್ಧಕ್ಕೆ ಇಳಿದರೆ ಛೇದ ಕಾಲಿನ ಹತ್ತಿರಕ್ಕೆ ಇಳಿಯಿತು. ಇಷ್ಟಕ್ಕೇ ಮುಗಿಯಲಿಲ್ಲ. ಇಸ್ಪೀಟು ಎಕ್ಕದ ಮಾತೆತ್ತದೆ ‘ನಿಮ್ಮಲ್ಲಿ ಎಕ್ಕವಿದ್ದರೆ ಒಂದನ್ನು ತೋರಿಸಿ’ ಎಂದು ಕೇಳಿ, ಅವರು ತೋರಿಸಿದ್ದು ಇಸ್ಪೀಟು ಎಕ್ಕವೇ ಆದರೆ ಲೆಕ್ಕ ಮತ್ತೆ 1/33ಕ್ಕೆ ಮರಳುತ್ತದೆ. ಎರಡು ಎಕ್ಕ ಇರುವವರು ಯಾವುದನ್ನಾದರೂ ತೋರಿಸಬಹುದಾದ್ದರಿಂದ ಆ 3 ಕೈಗಳಿಗೆ ಅರ್ಧ ತೂಕ ಮಾತ್ರ ಸಲ್ಲುತ್ತದೆ: 1.5 ಭಾಗ 49.5. ನಮ್ಮ ಕಣ್ಣ ಮುಂದಿರುವುದು ಅದೇ ಇಸ್ಪೀಟು ಎಕ್ಕ. ಅದು ಕಣ್ಣ ಮುಂದೆ ಬಂದ ಬಗೆ ಬೇರೆ, ಆದ್ದರಿಂದ ಛೇದವೂ ಬೇರೆ. ಸಂಭವನೀಯತೆಯ ಲೆಕ್ಕಗಳಲ್ಲಿ ಜಾಣರೂ ಜಗಳವಾಡುವುದು ಬಹುಪಾಲು ಈ ಒಂದು ಬಿಂದುವಿನಲ್ಲಿ.

ಕೊನೆಯದಾಗಿ, ಕರ್ನಾಟಕದ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಪೊಲೀಸರ ದಾಳಿಯ ಸುದ್ದಿಯೊಂದಿಗೆ ಮೇಲಿಂದ ಮೇಲೆ ಕಾಣಿಸಿಕೊಳ್ಳುವ ಅಂದರ್-ಬಾಹರ್. ಸಾರ್ವಜನಿಕ ಸ್ಥಳದಲ್ಲಿ ಹಣ ಕಟ್ಟಿ ಆಡುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಅಪರಾಧ. ಇಲ್ಲಿ ನಮಗೆ ಬೇಕಾದದ್ದು ಅದರ ಗಣಿತ. ಕಟ್ಟಿನಿಂದ ಒಂದು ಎಲೆ ತೆರೆದಿಡುತ್ತಾರೆ, ಅದು 7 ಎನ್ನೋಣ. ಉಳಿದ 51 ಎಲೆಗಳನ್ನು ಒಳಗೆ, ಹೊರಗೆ ಎಂದು ಎರಡು ಬದಿಗೆ ಒಂದೊಂದಾಗಿ ಹಾಕುತ್ತ ಹೋಗುತ್ತಾರೆ. ಮುಂದಿನ 7 ಯಾವ ಬದಿಗೆ ಬಿತ್ತೋ ಆ ಬದಿ ಗೆದ್ದಂತೆ. ನೋಡಿದ ಕೂಡಲೇ ಸಮಪಾಲು ಎನಿಸುತ್ತದೆ. ಆದರೆ ಮೊದಲ ಎಲೆಯೇ 7 ಆಗುವ ಸಂಭವನೀಯತೆ 3/51, ಅಂದರೆ 0.0588, ಮೊದಲನೆಯದು ತಪ್ಪಿ ಎರಡನೆಯದು ಆಗುವುದು 48/51 × 3/50, ಅಂದರೆ 0.0565, ಮೂರನೆಯದು 0.0542, ನಾಲ್ಕನೆಯದು 0.0519. ಪ್ರತಿ ಜೋಡಿ ಎಲೆಯಲ್ಲೂ ಮೊದಲು ಎಲೆ ಬೀಳುವ ಬದಿಗೆ ಕೂದಲೆಳೆಯ ಮೇಲುಗೈ. ಎಲ್ಲವನ್ನೂ ಕೂಡಿದರೆ ಆ ಬದಿ ಗೆಲ್ಲುವ ಸಂಭವನೀಯತೆ 10,725/20,825, ಅಂದರೆ ಶೇ 51.5, ಇನ್ನೊಂದು ಬದಿಗೆ ಶೇ 48.5. ಹಿಂದಿನ ಐದು ಆಟಗಳಲ್ಲಿ ಒಂದೇ ಬದಿ ಗೆದ್ದಿದ್ದರೂ ಮತ್ತೆ ಕಲೆಸಿದ ಕಟ್ಟಿಗೆ ಅದರ ನೆನಪಿಲ್ಲ, ಆರನೆಯ ಆಟದ ಲೆಕ್ಕವೂ ಇದೇ.

ಆಡಿಸುವವನು ಮೊದಲ ಬದಿಗೆ ಕಟ್ಟಿದ 100 ರೂಪಾಯಿಗೆ ಗೆದ್ದಾಗ 90ನ್ನೂ, ಎರಡನೆಯ ಬದಿಗೆ ಕಟ್ಟಿದ 100ಕ್ಕೆ 100ನ್ನೂ ಕೊಡುವ ಪದ್ಧತಿ ಇದ್ದಲ್ಲಿ, ಕಟ್ಟುವವನಿಗೆ ಮೊದಲ ಬದಿಯಲ್ಲಿ ಪ್ರತಿ ನೂರಕ್ಕೆ ಸರಾಸರಿ 2 ರೂಪಾಯಿ 15 ಪೈಸೆ, ಎರಡನೆಯ ಬದಿಯಲ್ಲಿ 3 ರೂಪಾಯಿ ನಷ್ಟ. ಯಾವ ಬದಿಗೆ ಕಟ್ಟಿದರೂ ಆಡಿಸುವವನ ಪಾಲು ಭದ್ರ. ಆಟದ ನಡುವೆ ಛೇದ ಹೇಗೆ ಸರಿಯುತ್ತದೆ ಎಂಬುದನ್ನೂ ನೋಡಬಹುದು. 20 ಎಲೆ ಬಿದ್ದರೂ 7 ಬಾರದಿದ್ದರೆ ಉಳಿದ 31ರಲ್ಲಿ ಮೂರೂ 7 ಇವೆ. ಮುಂದಿನ ಎಲೆ ಬೀಳಬೇಕಾದ ಬದಿಯ ಸಂಭವನೀಯತೆ ಆಗ ಶೇ 52.5. ಉಳಿದವು 11 ಆದಾಗ ಅದು ಶೇ 57.6, ಐದೇ ಉಳಿದಾಗ 10ರಲ್ಲಿ 7. ಅಲ್ಲಿಯವರೆಗೆ ಆಟ ಎಳೆಯುವುದು ತೀರ ಅಪರೂಪ. ಆದರೂ ಎಳೆದರೆ, ಕೊನೆಯ ಮೂರು ಎಲೆಗಳು ಉಳಿದಾಗ ಅವು ಮೂರೂ 7 ಆಗಿರಲೇಬೇಕಾದ್ದರಿಂದ ಮುಂದಿನ ಎಲೆ ಬೀಳುವ ಬದಿಯ ಗೆಲುವು ಖಚಿತ. ಆ 49ನೆಯ ಎಲೆ ಬೀಳುವುದು ಆಟ ಆರಂಭವಾದ ಬದಿಗೇ.